ತುಂಡಾದ ಕ್ಲಚ್ ಕೇಬಲ್: ಮನೆಯಲ್ಲೇ, ಕಡಿಮೆ ಖರ್ಚಿನಲ್ಲಿ ಸರಿಪಡಿಸುವ ಕ್ರಮ

ಮೋಟಾರ್‌ಸೈಕಲ್‌ಗೆ ಹೊಸ ಕ್ಲಚ್ ಕೇಬಲ್ ಹಾಕಿ ಕೆಲವೇ ತಿಂಗಳಲ್ಲಿ ಅದೇ ಜಾಗದಲ್ಲಿ ಮತ್ತೆ ತುಂಡಾಯಿತೇ? ಕೇಬಲ್ ಮಾಡಿದವರನ್ನು ಬೈಯುವ ಮೊದಲು ಲಿವರ್ ಬಿಚ್ಚಿ ನೋಡಿ. ಬಹುಪಾಲು ಕೇಬಲ್‌ಗಳು ಕಡಿಯುವುದು ಹ್ಯಾಂಡಲ್ ತುದಿಯಲ್ಲಿ, ನಿಪ್ಪಲ್ ಎಂಬ ಲೋಹದ ಗುಂಡಿನ ಬುಡದಲ್ಲಿ. ಲಿವರ್ ಒತ್ತಿದಾಗಲೆಲ್ಲ ಆ ನಿಪ್ಪಲ್ ತನ್ನ ಗೂಡಿನಲ್ಲಿ ಸ್ವಲ್ಪ ತಿರುಗಬೇಕು. ಗೂಡು ಒಣಗಿ ತುಕ್ಕು ಹಿಡಿದಿದ್ದರೆ ನಿಪ್ಪಲ್ ತಿರುಗುವುದಿಲ್ಲ, ಬದಲಿಗೆ ತಂತಿ ಬಾಗುತ್ತದೆ. ಒಂದೇ ಜಾಗದಲ್ಲಿ ಸಾವಿರಾರು ಸಲ ಬಾಗಿದ ಉಕ್ಕಿನ ಎಳೆಗಳು ಒಂದೊಂದಾಗಿ ಕಡಿಯುತ್ತಾ ಬಂದು, ಉಳಿದ ನಾಲ್ಕೈದು ಎಳೆಗಳು ಒಂದು ದಿನ ಒಟ್ಟಿಗೇ ಕೈಕೊಡುತ್ತವೆ. ಕಾರಣ ಸರಿಪಡಿಸದೆ ಕೇಬಲ್ ಮಾತ್ರ ಬದಲಿಸಿದರೆ ಹೊಸದಕ್ಕೂ ಇದೇ ಗತಿ.

ಮುಂದೆ ಬಳಸುವ ಹೆಸರುಗಳು ಇಷ್ಟೇ: ಒಳಗೆ ಜಾರುವುದು ಒಳತಂತಿ, ಅದರ ಮೇಲಿನ ಕೊಳವೆ ಹೊರಕವಚ, ತಂತಿಯ ತುದಿಗಳಲ್ಲಿರುವ ಲೋಹದ ಗುಂಡುಗಳು ನಿಪ್ಪಲ್, ಎಂಜಿನ್ ಬದಿಯಲ್ಲಿ ಕೇಬಲ್ ಎಳೆಯುವ ಸಣ್ಣ ತೋಳು ಕ್ಲಚ್ ಆರ್ಮ್.

## ಮೊದಲು ತೀರ್ಮಾನ: ಪೂರ್ತಿ ಕೇಬಲ್ಲೋ, ಒಳತಂತಿ ಮಾತ್ರವೋ

ನಿಮ್ಮ ಗಾಡಿಯ ಮಾಡೆಲ್‌ಗೆ ಸರಿಯಾದ ರೆಡಿ ಕೇಬಲ್ ಸಿಗುವಂತಿದ್ದರೆ ಅದನ್ನೇ ತನ್ನಿ. ಕೂಲಿ ನಿಮ್ಮದೇ ಆದ್ದರಿಂದ ಉಳಿತಾಯ ಅಲ್ಲೇ ಆಗಿರುತ್ತದೆ. ಒಳತಂತಿಗೆ ಹೊಸ ನಿಪ್ಪಲ್ ಬೆಸೆಯುವ ಸಾಹಸ ಬೇಕಾಗುವುದು ಕೇಬಲ್ ಸಿಗದ ಹಳೆಯ ಗಾಡಿಗಳಿಗೆ, ಹ್ಯಾಂಡಲ್ ಬದಲಿಸಿ ಉದ್ದ ಹೊಂದದಿರುವವರಿಗೆ, ಅಥವಾ ಹೊರಕವಚ ಹೊಸದರಂತಿದ್ದು ನಿಪ್ಪಲ್ ಮಾತ್ರ ಹೋಗಿರುವಾಗ.

ಹೊರಕವಚವನ್ನು ಉಳಿಸಿಕೊಳ್ಳಬಹುದೇ ಎಂದು ಹೀಗೆ ನೋಡಿ. ಒಳತಂತಿಯನ್ನು ಪೂರ್ತಿ ಹೊರಗೆಳೆದು, ತುಂಡಾಗದ ಭಾಗದ ತಂತಿಯನ್ನೇ ಮತ್ತೆ ತೂರಿಸಿ ಎರಡು ಬೆರಳಲ್ಲಿ ಹಿಂದೆ ಮುಂದೆ ಆಡಿಸಿ. ನಯವಾಗಿ ಜಾರಿದರೆ ಸರಿ. ಕಿರುಗುಟ್ಟಿದರೆ, ನಡುವೆ ಎಲ್ಲೋ ಹಿಡಿದರೆ, ಕವಚದ ಪ್ಲಾಸ್ಟಿಕ್ ಒಡೆದು ಒಳಗಿನ ಸುರುಳಿ ಕಂಡರೆ, ಸೈಲೆನ್ಸರ್‌ಗೆ ತಾಗಿ ಕರಗಿದ್ದರೆ, ಒಂದು ಕಡೆ ಮಡಿದ ಗುರುತಿದ್ದರೆ ಅದನ್ನು ಬಿಸಾಡಿ. ಕೆಟ್ಟ ಕವಚದೊಳಗೆ ಹೊಸ ತಂತಿ ಹಾಕುವುದು ಶ್ರಮ ದಂಡ.

ಎರಡು ತುಂಡುಗಳನ್ನು ಗಂಟು ಹಾಕುವುದು, ನಡುವೆ ಸೇರಿಸಿ ಬೆಸೆಯುವುದು, ತುದಿಗೆ ವೆಲ್ಡಿಂಗ್ ಮಾಡಿಸುವುದು, ಇವು ಮೂರೂ ಬೇಡ. ಗಂಟು ಕವಚದೊಳಗೆ ಹೋಗುವುದಿಲ್ಲ. ವೆಲ್ಡಿಂಗ್ ಬಿಸಿಗೆ ತಂತಿಯ ಗಡಸು ಹೋಗಿ, ವೆಲ್ಡ್‌ನ ಪಕ್ಕದಲ್ಲೇ ಕಡಿಯುತ್ತದೆ.

## ಬೇಕಾದ ಸಾಮಾನು

ಕೇಬಲ್ ಬದಲಿಸಲು ಮಾತ್ರವಾದರೆ: 10, 12 ಮತ್ತು 14 ಮಿ.ಮೀ. ಸ್ಪ್ಯಾನರ್‌ಗಳು, ಇಕ್ಕಳ, ಚಪ್ಪಟೆ ಸ್ಕ್ರೂಡ್ರೈವರ್, ಗ್ರೀಸ್, ತೆಳು ಆಯಿಲ್, ಅಳತೆ ಟೇಪು, ಗಟ್ಟಿ ದಾರ, ಹಳೆ ಬಟ್ಟೆ.

ನಿಪ್ಪಲ್ ಬೆಸೆಯುವುದಿದ್ದರೆ ಜೊತೆಗೆ: ಹಳೆಯದರಷ್ಟೇ ದಪ್ಪದ ಒಳತಂತಿ, ಹಿತ್ತಾಳೆಯ ನಿಪ್ಪಲ್‌ಗಳು (ಒಂದೆರಡು ಹೆಚ್ಚಿಗೆ ಇರಲಿ), 60/40 ಸೋಲ್ಡರ್ (60 ಭಾಗ ತವರ, 40 ಭಾಗ ಸೀಸ), ಆಸಿಡ್ ಫ್ಲಕ್ಸ್ (ಸೋಲ್ಡರ್ ಹಿಡಿಯುವಂತೆ ಲೋಹವನ್ನು ಶುಚಿ ಮಾಡುವ ದ್ರಾವಣ), 60 ವಾಟ್‌ಗಿಂತ ಕಡಿಮೆಯಿಲ್ಲದ ಸೋಲ್ಡರಿಂಗ್ ಐರನ್ ಅಥವಾ ಸಣ್ಣ ಗ್ಯಾಸ್ ಟಾರ್ಚ್, ವೈಸ್, ಚೂಪಾದ ತಂತಿ ಕಟ್ಟರ್, ಅರ, ಅಡುಗೆ ಸೋಡಾ, ಕಣ್ಣಿಗೆ ಕನ್ನಡಕ. ರೇಡಿಯೋ ರಿಪೇರಿಗೆ ಬಳಸುವ 25 ವಾಟ್ ಐರನ್ ಇಲ್ಲಿ ನಡೆಯುವುದಿಲ್ಲ. ಹಿತ್ತಾಳೆ ಗುಂಡು ಬಿಸಿಯನ್ನೆಲ್ಲ ಹೀರಿಕೊಂಡು ಸೋಲ್ಡರ್ ಮೇಲ್ಮೈಯಲ್ಲೇ ಗಟ್ಟಿಯಾಗುತ್ತದೆ.

## ಹಂತ 1: ಬಿಚ್ಚುವ ಮೊದಲು ಅಳೆಯಿರಿ, ಫೋಟೊ ತೆಗೆಯಿರಿ

ಕೇಬಲ್ ಯಾವ ದಾರಿಯಲ್ಲಿ ಹೋಗಿದೆ, ಯಾವ ಕೊಕ್ಕೆಯೊಳಗೆ, ವೈರಿಂಗ್‌ನ ಯಾವ ಬದಿಗೆ ಎಂಬುದು ಬಿಚ್ಚಿದ ಮೇಲೆ ನೆನಪಿರುವುದಿಲ್ಲ. ಹ್ಯಾಂಡಲ್ ಹತ್ತಿರ, ಹೆಡ್‌ಲೈಟ್ ಹಿಂದೆ, ಟ್ಯಾಂಕ್ ಕೆಳಗೆ, ಎಂಜಿನ್ ಬಳಿ ಒಂದೊಂದು ಫೋಟೊ ತೆಗೆಯಿರಿ.

ಆಮೇಲೆ ಅಡ್ಜಸ್ಟರ್‌ಗಳ, ಅಂದರೆ ಕೇಬಲ್‌ನ ಬಿಗಿ ಹೊಂದಿಸುವ ತಿರುಪುಗಳ, ಸ್ಥಿತಿ ನೋಡಿ. ಹ್ಯಾಂಡಲ್ ಬದಿಯದರ ಎಷ್ಟು ಥ್ರೆಡ್ ಹೊರಗಿದೆ? ಕೆಳಗಿನದು? ಎರಡೂ ಪೂರ್ತಿ ಹೊರಬಂದಿದ್ದರೆ ಹಳೆ ಕೇಬಲ್ ಹಿಗ್ಗಿತ್ತು, ಇಲ್ಲವೇ ಕ್ಲಚ್ ಪ್ಲೇಟುಗಳ ಕಡೆ ಏನೋ ಬದಲಾಗಿದೆ ಎಂದರ್ಥ.

## ಹಂತ 2: ಕಳಚುವುದು

ಗಾಡಿ ಸೆಂಟರ್ ಸ್ಟ್ಯಾಂಡ್ ಮೇಲಿರಲಿ, ಎಂಜಿನ್ ತಣ್ಣಗಿರಲಿ.

ಹ್ಯಾಂಡಲ್ ಬದಿಯ ಲಾಕ್ ರಿಂಗ್ ಸಡಿಲಿಸಿ ಅಡ್ಜಸ್ಟರನ್ನು ಪೂರ್ತಿ ಒಳಕ್ಕೆ ತಿರುಗಿಸಿ. ಈಗ ಅಡ್ಜಸ್ಟರ್, ಲಾಕ್ ರಿಂಗ್, ಲಿವರ್ ಹೋಲ್ಡರ್ ಮೂರರಲ್ಲೂ ಇರುವ ಸೀಳುಗಳನ್ನು ಒಂದೇ ಗೆರೆಗೆ ತನ್ನಿ. ತಂತಿ ಆ ಸೀಳಿನ ಮೂಲಕವೇ ಹೊರಬರುತ್ತದೆ, ಜಗ್ಗಾಡುವ ಅಗತ್ಯವಿಲ್ಲ. ಲಿವರ್‌ನಲ್ಲಿ ಉಳಿದಿರುವ ಮುರಿದ ನಿಪ್ಪಲ್ಲನ್ನು ಕೆಳಗಿನಿಂದ ತಳ್ಳಿ ತೆಗೆದು ಇಟ್ಟುಕೊಳ್ಳಿ. ಹೊಸದಕ್ಕೆ ಅಳತೆ ಅದೇ.

ಎಂಜಿನ್ ಬದಿಯಲ್ಲಿ ಲಾಕ್‌ನಟ್‌ಗಳನ್ನು ಸಡಿಲಿಸಿ ಕವಚವನ್ನು ಬ್ರಾಕೆಟ್‌ನಿಂದ ಬಿಡಿಸಿ, ಆಮೇಲೆ ಕ್ಲಚ್ ಆರ್ಮ್‌ನಿಂದ ನಿಪ್ಪಲ್ ಕಳಚಿ. ಕೆಲವು ಆರ್ಮ್‌ಗಳಲ್ಲಿ ನಿಪ್ಪಲ್ ಬೀಳದಂತೆ ತಡೆಯಲು ಒಂದು ಸಣ್ಣ ತಗಡಿನ ನಾಲಿಗೆ ಮಡಿಸಿರುತ್ತಾರೆ. ಅದನ್ನು ಬೇಕಾದಷ್ಟೇ ಎತ್ತಿ. ನಾಲ್ಕಾರು ಸಲ ಮಡಿಸಿ ಬಿಚ್ಚಿದರೆ ಮುರಿದೇ ಹೋಗುತ್ತದೆ.

ಹಳೆ ಕೇಬಲ್ಲನ್ನು ಸುಮ್ಮನೆ ಎಳೆದು ತೆಗೆಯಬೇಡಿ. ಅದರ ಮೇಲಿನ ತುದಿಗೆ ಗಟ್ಟಿ ದಾರ ಕಟ್ಟಿ ಕೆಳಗಿನಿಂದ ಎಳೆಯಿರಿ. ಕೇಬಲ್ ಹೊರಬಂದರೂ ದಾರ ಅದೇ ದಾರಿಯಲ್ಲಿ ಉಳಿಯುತ್ತದೆ, ಹೊಸದನ್ನು ಹಾಯಿಸಲು ಅದೇ ಸಾಕು.

## ಹಂತ 3: ತುಂಡಾದದ್ದೇಕೆ ಎಂದು ಹುಡುಕುವುದು

ಹೆಚ್ಚಿನವರು ಬಿಟ್ಟುಬಿಡುವ ಹಂತ ಇದು.

ಲಿವರ್‌ನ ಬೋಲ್ಟ್ ತೆಗೆದು ಲಿವರ್ ಕೈಗೆ ತೆಗೆದುಕೊಳ್ಳಿ. ನಿಪ್ಪಲ್ ಕೂರುವ ಗೂಡನ್ನು ಬಟ್ಟೆ, ಸೀಮೆಎಣ್ಣೆಯಿಂದ ಒರೆಸಿ. ಹೊಸ ನಿಪ್ಪಲ್ಲನ್ನು ಅದರಲ್ಲಿ ಕೂರಿಸಿ ಬೆರಳಲ್ಲಿ ತಿರುಗಿಸಿ ನೋಡಿ. ಸಲೀಸಾಗಿ ತಿರುಗಬೇಕು, ಹಾಗೆಂದು ಲೊಡಲೊಡ ಎನ್ನಬಾರದು. ಬಿಗಿಯಾಗಿದ್ದರೆ ನಯವಾದ ಉಜ್ಜುಕಾಗದದಿಂದ ಗೂಡನ್ನು ಉಜ್ಜಿ. ಗೂಡು ಸವೆದು ಮೊಟ್ಟೆಯಾಕಾರ ಆಗಿದ್ದರೆ, ತಂತಿ ಹಾಯುವ ಸೀಳಿನ ಅಂಚು ಚೂಪಾಗಿದ್ದರೆ ಲಿವರ್ ಬದಲಿಸಿ. ಆ ಅಂಚೇ ತಂತಿಯನ್ನು ಕೊಯ್ಯುತ್ತಿರುತ್ತದೆ.

ಆಮೇಲೆ ಕ್ಲಚ್ ಆರ್ಮ್. ಕೇಬಲ್ ಇಲ್ಲದೆ ಕೈಯಿಂದ ತಳ್ಳಿ ನೋಡಿ. ಮೊದಲು ಸ್ವಲ್ಪ ಸಡಿಲ, ಆಮೇಲೆ ಕ್ಲಚ್ ಸ್ಪ್ರಿಂಗಿನ ಗಟ್ಟಿ ತಡೆ ಸಿಗಬೇಕು; ಬಿಟ್ಟಾಗ ತಾನಾಗಿ ಹಿಂದಕ್ಕೆ ಬರಬೇಕು. ಆರ್ಮ್‌ನ ಬುಡ ಕೆಸರು, ತುಕ್ಕಿನಿಂದ ಹಿಡಿದಿದ್ದರೆ ಲಿವರ್ ಭಾರವಾಗಿ, ಅಷ್ಟೂ ಭಾರ ತಂತಿಯ ಮೇಲೆ ಬೀಳುತ್ತದೆ. ತೊಳೆದು, ಆಯಿಲ್ ಬಿಟ್ಟು, ಆಡಿಸಿ ಸಡಿಲ ಮಾಡಿ. ಅಷ್ಟಕ್ಕೂ ಬಗ್ಗದಿದ್ದರೆ ತೊಂದರೆ ಎಂಜಿನ್ ಒಳಗಿದೆ, ಕೇಬಲ್‌ನಿಂದ ಅದು ಸರಿಯಾಗದು.

## ಹಂತ 4: ನಿಪ್ಪಲ್ ಬೆಸೆಯುವುದು

ರೆಡಿ ಕೇಬಲ್ ತಂದವರು ನೇರವಾಗಿ 5ನೇ ಹಂತಕ್ಕೆ ಹೋಗಿ.

ತಂತಿ. ಸಣ್ಣ, ಮಧ್ಯಮ ಗಾತ್ರದ ಮೋಟಾರ್‌ಸೈಕಲ್‌ಗಳ ಒಳತಂತಿ ಸಾಮಾನ್ಯವಾಗಿ 2ರಿಂದ 2.5 ಮಿ.ಮೀ. ದಪ್ಪ. ಸೈಕಲ್ ಬ್ರೇಕಿನ ತಂತಿ 1.5 ಅಥವಾ 1.6 ಮಿ.ಮೀ. ಮಾತ್ರ. ಅಗ್ಗವಾಗಿ ಸಿಗುತ್ತದೆಂದು ಅದನ್ನು ಹಾಕುವವರಿದ್ದಾರೆ. ಅದು ಹಿಗ್ಗುತ್ತದೆ, ಬೇಗ ಕಡಿಯುತ್ತದೆ. ಕ್ಯಾಲಿಪರ್‌ನಿಂದ ಹಳೆ ತಂತಿಯ ಹಾಳಾಗದ ಭಾಗ ಅಳೆದು ಅಷ್ಟೇ ದಪ್ಪದ್ದು ತನ್ನಿ. ಸಣ್ಣ ಎಳೆಗಳು ಹೆಚ್ಚಿರುವ ತಂತಿ ಬಾಗಲು ಮೃದು. ಸ್ಟೇನ್‌ಲೆಸ್ ಸ್ಟೀಲ್ ತಂತಿ ಮಾಮೂಲಿ ಫ್ಲಕ್ಸ್‌ಗೆ ಸೋಲ್ಡರ್ ಹಿಡಿಯುವುದಿಲ್ಲ. ಮೊದಲ ಸಲ ಮಾಡುವವರು ಜಿಂಕ್ ಲೇಪದ ಉಕ್ಕಿನ ತಂತಿಯನ್ನೇ ಆರಿಸಿಕೊಳ್ಳಿ.

ಉದ್ದ. ಮುಖ್ಯವಾದದ್ದು ತಂತಿಯ ಒಟ್ಟು ಉದ್ದವಲ್ಲ, ಕವಚದಿಂದ ಹೊರಗುಳಿಯುವ ಉದ್ದ. ಎರಡು ನಿಪ್ಪಲ್‌ಗಳ ನಡುವಿನ ಅಳತೆಯಲ್ಲಿ ಕವಚದ ಉದ್ದ ಕಳೆದರೆ ಅದು ಸಿಗುತ್ತದೆ. ತುಂಡಾದ ಕೇಬಲ್‌ನಲ್ಲಿ ಮುರಿದ ಎರಡು ಚೂರುಗಳನ್ನು ಮೇಜಿನ ಮೇಲೆ ಒತ್ತೊತ್ತಾಗಿಟ್ಟು ಅಳೆಯಿರಿ. 5 ಮಿ.ಮೀ. ಆಚೀಚೆ ಆದರೆ ಅಡ್ಜಸ್ಟರ್ ಸುಧಾರಿಸುತ್ತದೆ, 20 ಮಿ.ಮೀ. ಆದರೆ ಇಲ್ಲ.

ಹಳೆ ತಂತಿಯನ್ನೇ ಉಳಿಸಿ ಮೇಲಿನ ನಿಪ್ಪಲ್ ಮಾತ್ರ ಹೊಸದು ಹಾಕುವ ದಾರಿಯೂ ಇದೆ. ಮುರಿದ ಜಾಗದ ಹತ್ತಿರದ ಎಳೆಗಳು ಆಗಲೇ ದಣಿದಿರುವುದರಿಂದ 15 ಮಿ.ಮೀ. ಹಿಂದಕ್ಕೆ ಕತ್ತರಿಸಬೇಕು. ತಂತಿ ಗಿಡ್ಡವಾದಷ್ಟನ್ನೇ ಹೊರಕವಚದಿಂದಲೂ ಕತ್ತರಿಸಿದರೆ ಲೆಕ್ಕ ಸಮವಾಗುತ್ತದೆ. ಒಳತಂತಿ ಹೊರಗೆ ತೆಗೆದ ಮೇಲೆಯೇ ಕವಚ ಕತ್ತರಿಸಿ, ತುದಿಯ ಸುರುಳಿಯನ್ನು ಅರದಿಂದ ಚಪ್ಪಟೆ ಮಾಡಿ, ಒಳಗಿನ ಚೂಪು ಮುಳ್ಳುಗಳನ್ನು ತೆಗೆದು, ಲೋಹದ ಟೊಪ್ಪಿಯನ್ನು ಮತ್ತೆ ಕೂರಿಸಿ. ಕೇಬಲ್ ಮೊದಲೇ ಬಿಗಿಯಾಗಿ ಹಾಯ್ದಿರುವ ಗಾಡಿಗೆ ಈ ಉಪಾಯ ಆಗದು.

ಕತ್ತರಿಸುವುದು. ಕತ್ತರಿಸುವ ಜಾಗಕ್ಕೆ ಮೊದಲು ಸ್ವಲ್ಪ ಸೋಲ್ಡರ್ ಕುಡಿಸಿ, ಆಮೇಲೆ ಕಟ್ಟರ್ ಇಡಿ. ಹಾಗೇ ಕತ್ತರಿಸಿದರೆ ಎಳೆಗಳು ಅರಳಿಕೊಂಡು ನಿಪ್ಪಲ್‌ನ ತೂತಿಗೆ ಹೋಗುವುದಿಲ್ಲ. ಮೊಂಡು ಇಕ್ಕಳದಿಂದ ಜಜ್ಜಿದರೂ ಅಷ್ಟೇ.

ಸೇರಿಸುವ ಕ್ರಮ. ಎರಡನೇ ನಿಪ್ಪಲ್ ಬೆಸೆಯುವ ಮುನ್ನ ತಂತಿ ಕವಚದೊಳಗೆ ಇರಬೇಕು. ಅಡ್ಜಸ್ಟರ್, ಲಾಕ್‌ನಟ್, ರಬ್ಬರ್ ಬೂಟ್, ತುದಿಯ ಟೊಪ್ಪಿ ಎಲ್ಲವೂ ತಮ್ಮ ತಮ್ಮ ಜಾಗದಲ್ಲಿ ಏರಿರಬೇಕು. ಅಂದವಾಗಿ ಎರಡೂ ತುದಿ ಬೆಸೆದು, ಮೇಜಿನ ಮೇಲೆ ರಬ್ಬರ್ ಬೂಟ್ ಒಂಟಿಯಾಗಿ ಕೂತಿರುವುದನ್ನು ನೋಡಿ ತಲೆ ಚಚ್ಚಿಕೊಳ್ಳುವವರು ಬಹಳ.

ಬೆಸುಗೆ. ನಿಪ್ಪಲ್‌ನ ತೂತಿನ ಒಂದು ಬದಿಯಲ್ಲಿ ಸಣ್ಣ ಕುಳಿ ಇರುತ್ತದೆ. ತಂತಿ ಕುಳಿಯಿಲ್ಲದ ಬದಿಯಿಂದ ಒಳಬಂದು ಕುಳಿಯ ಬದಿಗೆ ಹೊರಬರಬೇಕು.

1. ತಂತಿಯ ಕೊನೆಯ 30 ಮಿ.ಮೀ. ಭಾಗದ ಗ್ರೀಸ್ ಪೂರ್ತಿ ತೆಗೆಯಿರಿ. ಪೆಟ್ರೋಲ್ ಅಥವಾ ಸೀಮೆಎಣ್ಣೆ ಬಳಸಿದರೆ ಅದು ಪೂರ್ತಿ ಆರುವವರೆಗೆ ಬೆಂಕಿ ಹಚ್ಚಬೇಡಿ. ಈ ಕೆಲಸವನ್ನು ಗಾಡಿಯ ಟ್ಯಾಂಕಿನಿಂದ ದೂರ, ಗಾಳಿಯಾಡುವಲ್ಲಿ ಮಾಡಿ.
2. ನಿಪ್ಪಲ್ ಏರಿಸಿ, 3 ಮಿ.ಮೀ. ತಂತಿ ಹೊರಗಿರುವಂತೆ ವೈಸ್‌ನಲ್ಲಿ ಎರಡು ತಾಮ್ರದ ಚೂರುಗಳ ನಡುವೆ ಹಿಡಿಸಿ. ತುದಿಯಲ್ಲಿ ಕುಡಿಸಿದ ಸೋಲ್ಡರನ್ನು ಕರಗಿಸಿ ಒರೆಸಿ, ಸಣ್ಣ ಪಂಚಿನಿಂದ ತಟ್ಟಿ ಎಳೆಗಳನ್ನು ಹೂವಿನಂತೆ ಅರಳಿಸಿ.
3. ನಿಪ್ಪಲ್ಲನ್ನು ಹಿಂದಕ್ಕೆ ಎಳೆದು ಅರಳಿದ ಎಳೆಗಳು ಕುಳಿಯೊಳಗೆ ಕೂರುವಂತೆ ಮಾಡಿ. ಎಳೆತದ ಭಾರವನ್ನು ಹೊರುವುದು ಈ ಅರಳಿದ ತಲೆ. ಇದನ್ನು ಬಿಟ್ಟು ನೇರ ತಂತಿಗೆ ಬರಿ ಸೋಲ್ಡರ್ ಹಚ್ಚಿದರೆ ಒಂದು ದಿನ ತಂತಿ ನಿಪ್ಪಲ್‌ನಿಂದ ಜಾರಿ ಬರುತ್ತದೆ.
4. ನಿಪ್ಪಲ್‌ನ ಕೆಳಗೆ ತಂತಿಗೆ ಒದ್ದೆ ಬಟ್ಟೆ ಸುತ್ತಿ. ಸೋಲ್ಡರ್ ತಂತಿಯ ಉದ್ದಕ್ಕೂ ಹರಿದರೆ ಆ ಭಾಗ ಕಡ್ಡಿಯಂತೆ ಸೆಟೆದು, ಮೃದುವಾದ ಭಾಗ ಶುರುವಾಗುವ ಜಾಗದಲ್ಲೇ ಮುರಿಯುತ್ತದೆ.
5. ಫ್ಲಕ್ಸ್ ಹಚ್ಚಿ, ಬಿಸಿಯನ್ನು ನಿಪ್ಪಲ್‌ಗೆ ಕೊಡಿ, ತಂತಿಗಲ್ಲ. 60/40 ಸೋಲ್ಡರ್ 190 ಡಿಗ್ರಿ ಸೆಲ್ಸಿಯಸ್ ಹೊತ್ತಿಗೆ ಪೂರ್ತಿ ಕರಗಿರುತ್ತದೆ. ಅದನ್ನು ಕುಳಿಗೆ ಮುಟ್ಟಿಸಿದಾಗ ತಾನಾಗಿ ಒಳಗೆ ಇಳಿಯಬೇಕು. ತಂತಿಯ ಬಣ್ಣ ನೀಲಿಗೆ ತಿರುಗಿದರೆ ಬಿಸಿ ಮಿತಿಮೀರಿದೆ, ಆ ತುದಿಯನ್ನು ಕತ್ತರಿಸಿ ಮತ್ತೆ ಶುರುಮಾಡಿ.
6. ಗಟ್ಟಿಯಾಗುವವರೆಗೆ ಅಲುಗಾಡಿಸಬೇಡಿ, ಊದಬೇಡಿ. ಹೊಳೆಯುವ ನುಣುಪು ಮೇಲ್ಮೈ ಬಂದರೆ ಸರಿ. ಮಂಕಾಗಿ ಮರಳು ಮರಳಾಗಿದ್ದರೆ ಮತ್ತೆ ಕರಗಿಸಿ.
7. ಆಸಿಡ್ ಫ್ಲಕ್ಸ್ ಉಳಿದರೆ ಒಳಗಿನಿಂದಲೇ ತುಕ್ಕು ತಿನ್ನುತ್ತದೆ. ಸೋಡಾ ಬೆರೆಸಿದ ನೀರಿನಲ್ಲಿ ತೊಳೆದು, ಬರಿ ನೀರಿನಲ್ಲಿ ತೊಳೆದು, ಒಣಗಿಸಿ ಆಯಿಲ್ ಹಚ್ಚಿ. ಮೇಲೆ ಉಬ್ಬಿದ ಸೋಲ್ಡರನ್ನು ಅರದಿಂದ ತೆಗೆದು ನಿಪ್ಪಲ್ ಲಿವರ್ ಗೂಡಿನಲ್ಲಿ ತಿರುಗುತ್ತದೆಯೇ ನೋಡಿ.

ನಿಪ್ಪಲ್ಲನ್ನು ವೈಸ್‌ನ ಬಾಯಿಯ ಕೆಳಗೆ ತಡೆದು, ತಂತಿಯ ಇನ್ನೊಂದು ತುದಿಯನ್ನು ಮರದ ತುಂಡಿಗೆ ಸುತ್ತಿ ಎರಡೂ ಕೈಯಿಂದ ಬಲವಾಗಿ ಎಳೆಯಿರಿ. ಲಿವರ್ ನಿಮ್ಮ ಬೆರಳುಗಳ ಬಲವನ್ನು ಹಲವು ಪಟ್ಟು ಮಾಡಿ ತಂತಿಗೆ ಕೊಡುತ್ತದೆ. ಇಲ್ಲಿ ಒಂದು ಮಿ.ಮೀ. ಜಾರಿದರೂ ಆ ಬೆಸುಗೆ ರಸ್ತೆಗೆ ಲಾಯಕ್ಕಲ್ಲ.

## ಹಂತ 5: ಆಯಿಲ್, ಆದರೆ ನೋಡಿಕೊಂಡು

ಕವಚದೊಳಗೆ ಬಿಳಿ ಪ್ಲಾಸ್ಟಿಕ್ ಕೊಳವೆ ಇರುವ ಕೇಬಲ್‌ಗೆ ದಪ್ಪ ಆಯಿಲ್, ಗ್ರೀಸ್ ಬೇಡ. ದೂಳು ಅಂಟಿ ಜಿಗುಟಾಗುತ್ತದೆ. ಕೊಳವೆಯಿಲ್ಲದ ಹಳೆ ಮಾದರಿಗೆ ಆಯಿಲ್ ಬೇಕೇ ಬೇಕು. ಮೇಲಿನ ತುದಿಗೆ ಪ್ಲಾಸ್ಟಿಕ್ ಚೀಲದ ಮೂಲೆ ಕತ್ತರಿಸಿ ಆಲಿಕೆಯಂತೆ ಕಟ್ಟಿ, ತೆಳು ಆಯಿಲ್ ಹಾಕಿ, ಕೇಬಲ್ಲನ್ನು ನೇರ ತೂಗುಬಿಟ್ಟು ತಂತಿ ಆಡಿಸುತ್ತಿರಿ. ಕೆಳಗಿನ ತುದಿಯಿಂದ ಶುದ್ಧ ಆಯಿಲ್ ತೊಟ್ಟಿಕ್ಕಿದರೆ ಸಾಕು.

ನಿಪ್ಪಲ್ ಕೂರುವ ಗೂಡುಗಳಿಗೆ ಮತ್ತು ಲಿವರ್ ಬೋಲ್ಟಿಗೆ ಮಾತ್ರ ಎಲ್ಲ ಗಾಡಿಗಳಲ್ಲೂ ಗ್ರೀಸ್ ಹಚ್ಚಲೇಬೇಕು.

## ಹಂತ 6: ಹಾಯಿಸಿ ಜೋಡಿಸುವುದು

ಉಳಿಸಿಕೊಂಡ ದಾರದ ಕೆಳತುದಿಗೆ ಕೇಬಲ್‌ನ ಮೇಲ್ತುದಿ ಕಟ್ಟಿ ಮೇಲಕ್ಕೆ ಎಳೆಯಿರಿ. ತಿರುವುಗಳು ಅಗಲವಾಗಿರಲಿ. ಸೈಲೆನ್ಸರ್ ಪೈಪಿಗೂ ಎಂಜಿನ್ ರೆಕ್ಕೆಗಳಿಗೂ ತಾಗದಿರಲಿ. ಪ್ಲಾಸ್ಟಿಕ್ ಟ್ಯಾಗ್ ಪಟ್ಟಿ ಹಾಕಿ ಬಿಗಿಯಾಗಿ ಕಟ್ಟಬೇಡಿ, ಹ್ಯಾಂಡಲ್ ತಿರುಗಿದಾಗ ಕೇಬಲ್ ಸರಿದಾಡಬೇಕು.

ಎರಡೂ ಅಡ್ಜಸ್ಟರ್‌ಗಳು ಪೂರ್ತಿ ಸಡಿಲವಾಗಿರುವಾಗಲೇ ಜೋಡಿಸಿ. ಮೊದಲು ಮೇಲೆ ಲಿವರ್‌ಗೆ, ಕೊನೆಗೆ ಕ್ಲಚ್ ಆರ್ಮ್‌ಗೆ. ಕೊನೆಯದು ಎಟುಕದಿದ್ದರೆ ಆರ್ಮನ್ನು ಕೈಯಿಂದ ಒಳಕ್ಕೆ ಒತ್ತಿ ಹಿಡಿದು ಸಿಕ್ಕಿಸಿ. ತಂತಿಯನ್ನು ಇಕ್ಕಳದಲ್ಲಿ ಕಚ್ಚಿ ಎಳೆಯಬೇಡಿ, ಕಚ್ಚಿದ ಗುರುತೇ ಮುಂದಿನ ಸಲ ಕಡಿಯುವ ಜಾಗ. ತಗಡಿನ ನಾಲಿಗೆ ಇದ್ದರೆ ಮಡಿಸಿ.

ಲಿವರ್ ಬೋಲ್ಟ್ ಬಿಗಿಮಾಡಿದ ಮೇಲೆ ಲಿವರ್ ಸಡಿಲವಾಗಿ ಆಡುತ್ತದೆಯೇ ನೋಡಿ, ಆಮೇಲೆ ಕೆಳಗಿನ ನಟ್ ಹಾಕಿ. ಕೊನೆಯದಾಗಿ ಅಡ್ಜಸ್ಟರ್ ಮತ್ತು ಲಾಕ್ ರಿಂಗಿನ ಸೀಳುಗಳು ಒಂದೇ ಗೆರೆಯಲ್ಲಿ ಉಳಿಯದಂತೆ ತಿರುಗಿಸಿ. ಇಲ್ಲದಿದ್ದರೆ ತಂತಿ ಬಂದ ದಾರಿಯಲ್ಲೇ ಜಿಗಿದು ಹೊರಬರಬಹುದು, ಮಳೆ ನೀರೂ ಇಳಿಯುತ್ತದೆ.

## ಹಂತ 7: ಪ್ಲೇ ಹೊಂದಿಸುವುದು

ಲಿವರ್ ತುದಿಯನ್ನು ಒಂದು ಬೆರಳಿಂದ ಎಳೆದಾಗ ತಡೆ ಸಿಗುವ ಮೊದಲು ಅದು ಎಷ್ಟು ಸರಿಯುತ್ತದೆಯೋ ಅದೇ ಪ್ಲೇ. ಅನೇಕ ಗಾಡಿಗಳಿಗೆ ಇದು ಲಿವರ್ ತುದಿಯಲ್ಲಿ 10ರಿಂದ 20 ಮಿ.ಮೀ. ನಿಮ್ಮ ಗಾಡಿಯ ಕೈಪಿಡಿಯಲ್ಲಿ ಬೇರೆ ಅಂಕಿ ಇದ್ದರೆ ಅದೇ ಸರಿ.

ಹ್ಯಾಂಡಲ್ ಬದಿಯ ಅಡ್ಜಸ್ಟರನ್ನು ಪೂರ್ತಿ ಒಳಗೆ ತಿರುಗಿಸಿ ಎರಡು ಸುತ್ತು ಹೊರಗೆ ತನ್ನಿ. ಈಗ ಕೆಳಗಿನ ಅಡ್ಜಸ್ಟರ್‌ನಿಂದ ಪ್ಲೇ ಸುಮಾರಾಗಿ ಹೊಂದಿಸಿ ಲಾಕ್‌ನಟ್ ಬಿಗಿಮಾಡಿ. ಉಳಿದ ಅಲ್ಪಸ್ವಲ್ಪವನ್ನು ಮೇಲಿನದರಿಂದ. ಎಲ್ಲವನ್ನೂ ಮೇಲಿನ ಅಡ್ಜಸ್ಟರ್‌ನಿಂದಲೇ ಮಾಡಿದರೆ ಅದು ಎರಡೇ ಥ್ರೆಡ್‌ನ ಆಧಾರದಲ್ಲಿ ತೂಗಿ, ಗುಂಡಿಗೆ ಬಿದ್ದಾಗ ಮುರಿಯುತ್ತದೆ. ಕೆಲವು ಎಂಜಿನ್‌ಗಳಲ್ಲಿ ಕ್ಲಚ್ ಬದಿಯಲ್ಲೇ ಮೂರನೆಯ ಹೊಂದಿಕೆ ಸ್ಕ್ರೂ ಇರುತ್ತದೆ. ಇದ್ದರೆ ಕೇಬಲ್ ಸಡಿಲವಿರುವಾಗ ಮೊದಲು ಅದನ್ನೇ ಕೈಪಿಡಿಯಂತೆ ಹೊಂದಿಸಬೇಕು.

ಲಿವರ್ ಹಗುರವಾಗಿ, ಕೂಡಲೇ ಹಿಡಿಯಲಿ ಎಂದು ಪ್ಲೇ ಪೂರ್ತಿ ತೆಗೆಯುವುದು ದುಬಾರಿ ತಪ್ಪು. ಪ್ಲೇ ಇಲ್ಲದಿದ್ದರೆ ಕ್ಲಚ್ ಸದಾ ಅರ್ಧ ಒತ್ತಿದಂತಿದ್ದು, ಪ್ಲೇಟುಗಳು ಜಾರಿ ಸುಡುತ್ತವೆ. ಪ್ಲೇ ಹೆಚ್ಚಾದರೆ ಕ್ಲಚ್ ಪೂರ್ತಿ ಬಿಡದೆ ಗೇರ್ ಕಟಕಟ ಎನ್ನುತ್ತದೆ, ನ್ಯೂಟ್ರಲ್ ಸಿಗುವುದಿಲ್ಲ.

## ಹಂತ 8: ರಸ್ತೆಗಿಳಿಸುವ ಮುನ್ನ

ಎಂಜಿನ್ ಆಫ್ ಇರುವಾಗ ಲಿವರನ್ನು 30 ಸಲ ಪೂರ್ತಿ ಒತ್ತಿ ಬಿಡಿ. ಪ್ಲೇ ಮತ್ತೆ ಅಳೆಯಿರಿ. ಹೊಸ ಕೇಬಲ್ ಸ್ವಲ್ಪ ಕೂರುವುದು ಸಹಜ, ಆದರೆ ಒತ್ತಿದಷ್ಟೂ ಪ್ಲೇ ಹೆಚ್ಚುತ್ತಲೇ ಹೋದರೆ ನಿಪ್ಪಲ್ ಜಾರುತ್ತಿದೆ.

ಹ್ಯಾಂಡಲ್ಲನ್ನು ಎಡಕ್ಕೂ ಬಲಕ್ಕೂ ಕೊನೆಯವರೆಗೆ ತಿರುಗಿಸಿ ಎರಡೂ ಕಡೆ ಪ್ಲೇ ನೋಡಿ. ಬದಲಾದರೆ ಕೇಬಲ್ ಎಲ್ಲೋ ಸಿಕ್ಕಿಕೊಂಡಿದೆ. ಇದನ್ನು ಬಿಟ್ಟರೆ ಯು-ಟರ್ನ್ ಹೊಡೆಯುವಾಗ ಕ್ಲಚ್ ತಾನಾಗಿ ಹಿಡಿಯುತ್ತದೆ ಅಥವಾ ಬಿಡುತ್ತದೆ.

ಗಾಡಿಯನ್ನು ನೆಲಕ್ಕಿಳಿಸಿ, ಎಂಜಿನ್ ಆಫ್ ಇಟ್ಟು ಗೇರ್ ಹಾಕಿ, ಲಿವರ್ ಒತ್ತಿ ತಳ್ಳಿ. ಸುಲಭವಾಗಿ ಉರುಳಬೇಕು, ಲಿವರ್ ಬಿಟ್ಟ ಕೂಡಲೇ ನಿಲ್ಲಬೇಕು. ಆಮೇಲೆ ಸೆಂಟರ್ ಸ್ಟ್ಯಾಂಡ್ ಮೇಲೆ ಎಂಜಿನ್ ಚಾಲೂ ಮಾಡಿ, ಲಿವರ್ ಒತ್ತಿ ಮೊದಲ ಗೇರ್ ಹಾಕಿ. ಆಯಿಲ್‌ನ ಎಳೆತಕ್ಕೆ ಹಿಂದಿನ ಚಕ್ರ ನಿಧಾನವಾಗಿ ತಿರುಗಬಹುದು, ಬ್ರೇಕ್ ಹಾಕಿದರೆ ನಿಂತು ಎಂಜಿನ್ ಮಾತ್ರ ಓಡುತ್ತಿರಬೇಕು. ಬ್ರೇಕಿಗೆ ಎಂಜಿನ್ ಆರಿಹೋದರೆ ಪ್ಲೇ ಹೆಚ್ಚಾಗಿದೆ. ಕೊನೆಗೆ ಖಾಲಿ ರಸ್ತೆಯಲ್ಲಿ ಮೇಲಿನ ಗೇರಿನಲ್ಲಿ ಆಕ್ಸಿಲರೇಟರ್ ಕೊಟ್ಟು ನೋಡಿ: ಸದ್ದು ಏರಿ ವೇಗ ಏರದಿದ್ದರೆ ಪ್ಲೇ ಕಡಿಮೆಯಾಗಿದೆ ಅಥವಾ ಪ್ಲೇಟುಗಳು ಸವೆದಿವೆ.

## ತುಂಡಾಗುವ ಮುನ್ನ ಕಾಣುವ ಗುರುತುಗಳು

ಲಿವರ್ ದಿನದಿಂದ ದಿನಕ್ಕೆ ಭಾರವಾಗುವುದು, ಒತ್ತುವಾಗ ಬೆರಳಿಗೆ ಕಿರಿಕಿರಿ ತಿಳಿಯುವುದು, ಬಿಟ್ಟಾಗ ನಿಧಾನವಾಗಿ ಮರಳುವುದು, ಇವು ಕವಚದೊಳಗಿನ ತೊಂದರೆ, ಇನ್ನೂ ಸಮಯವಿದೆ. ನಿನ್ನೆಯಷ್ಟೇ ಹೊಂದಿಸಿದ ಪ್ಲೇ ಇಂದು ಹೆಚ್ಚಾಗಿದ್ದರೆ ಎಳೆಗಳು ಕಡಿಯುತ್ತಿವೆ, ಸಮಯವಿಲ್ಲ. ರಬ್ಬರ್ ಬೂಟ್ ಸರಿಸಿ ನಿಪ್ಪಲ್‌ನ ಬುಡ ನೋಡಿ. ಒಂದೇ ಒಂದು ಎಳೆ ಹೊರಚಾಚಿದ್ದರೂ ಅಂದೇ ಬದಲಿಸಿ.

## ದಾರಿ ಮಧ್ಯೆ ಕೈಕೊಟ್ಟರೆ: ಸ್ಕ್ರೂ ನಿಪ್ಪಲ್

ಪಕ್ಕದಲ್ಲಿ ಸಣ್ಣ ಸ್ಕ್ರೂ ಇರುವ ಲೋಹದ ಗುಂಡು ಇದು. ತಂತಿ ತೂರಿಸಿ ಸ್ಕ್ರೂ ಬಿಗಿಮಾಡಿದರೆ ಹಿಡಿಯುತ್ತದೆ, ಬೆಸುಗೆ ಬೇಡ. ಮುರಿದ ನಿಪ್ಪಲ್‌ನ ಜಾಗಕ್ಕೆ ಇದನ್ನು ಹಾಕಿ, ಅಡ್ಜಸ್ಟರ್‌ಗಳನ್ನು ಪೂರ್ತಿ ಒಳಗೆ ತಿರುಗಿಸಿದರೆ ಗಿಡ್ಡವಾದ ತಂತಿಯೂ ಸಾಮಾನ್ಯವಾಗಿ ಎಟುಕುತ್ತದೆ. ಸ್ಕ್ರೂ ತಲೆ ಹೊರಚಾಚಿರುವಂಥದ್ದು ಲಿವರ್ ಗೂಡಿನಲ್ಲಿ ಕೂರುವುದಿಲ್ಲ. ತಲೆ ಒಳಗೆ ಮುಳುಗುವ ಮಾದರಿ ಕೊಂಡು, ಕೂರುತ್ತದೆಯೇ ಎಂದು ಮನೆಯಲ್ಲೇ ನೋಡಿಟ್ಟುಕೊಳ್ಳಿ.

ಸ್ಕ್ರೂ ತಂತಿಯನ್ನು ಜಜ್ಜಿಯೇ ಹಿಡಿಯುವುದರಿಂದ ಇದು ಮನೆ ಸೇರಲು ಮಾತ್ರ. ಪ್ರತಿ ಸಲ ಗಾಡಿ ನಿಲ್ಲಿಸಿದಾಗ ಸ್ಕ್ರೂ ಬಿಗಿ ನೋಡಿ, ಕ್ಲಚ್ ಆದಷ್ಟು ಕಡಿಮೆ ಬಳಸಿ, ಸಿಗ್ನಲ್‌ನಲ್ಲಿ ಲಿವರ್ ಒತ್ತಿ ಹಿಡಿಯುವ ಬದಲು ನ್ಯೂಟ್ರಲ್‌ಗೆ ತನ್ನಿ. ಗೇರಿನಲ್ಲಿ ನಿಂತಾಗ ತಂತಿ ಜಾರಿದರೆ ಗಾಡಿ ಮುಂದಕ್ಕೆ ಹಾರುತ್ತದೆ. ಟೂಲ್ ಬಾಕ್ಸಿನಲ್ಲಿ ಈ ನಿಪ್ಪಲ್ ಒಂದು, ಅದರ ಸ್ಕ್ರೂಗೆ ಹೊಂದುವ ಸ್ಕ್ರೂಡ್ರೈವರ್ ಅಥವಾ ಅಲೆನ್ ಕೀ, 10ರ ಸ್ಪ್ಯಾನರ್, ಸಣ್ಣ ಕಟಿಂಗ್ ಪ್ಲೈಯರ್ ಇದ್ದರೆ ಸಾಕು.